ಹದಿಹರೆಯದ ಓದುಗರಿಗೆ ಗುಡ್‌ರೀಡ್ಸ್ ಒಳ್ಳೇದಾ, ಸ್ಟೋರಿಗ್ರಾಫ್ ಒಳ್ಳೇದಾ?

ಓದಿದ ಕಾದಂಬರಿಗೆ ಸ್ಟಾರ್ ಕೊಟ್ಟು ನಾಲ್ಕು ಸಾಲು ಬರೆಯುವ ಆಸೆ ನಿಮ್ಮ ಮಗಳಿಗೋ ಮಗನಿಗೋ ಇದೆಯಾ? ಹಾಗಿದ್ದರೆ ಓದಿದ ಪುಸ್ತಕಗಳ ಪಟ್ಟಿ ಇಟ್ಟು ವಿಮರ್ಶೆ ಬರೆಯಲು ಇರುವ ಈ ಎರಡು ಜಾಲತಾಣಗಳನ್ನು ನೋಡಿ.

ಗುಡ್‌ರೀಡ್ಸ್ 2007ರಿಂದ ಇದೆ, 2013ರಲ್ಲಿ ಅಮೆಜಾನ್ ಕೊಂಡುಕೊಂಡಿತು. ಅಲ್ಲಿ ಜನ ಜಾಸ್ತಿ. ಕನ್ನಡ ಪುಸ್ತಕಗಳಿಗೆ ಕನ್ನಡದಲ್ಲೇ ಬರೆದ ವಿಮರ್ಶೆಗಳೂ ಸಿಗುತ್ತವೆ. ಆದರೆ ಹೆಸರಾದ ಪುಸ್ತಕವಾದರೆ ಸಾವಿರಾರು ಜನರ ಅಭಿಪ್ರಾಯ ಮೊದಲೇ ಕಣ್ಣಿಗೆ ಬೀಳುತ್ತದೆ. ಮಕ್ಕಳು ತಮಗೆ ಅನಿಸಿದ್ದನ್ನು ಬಿಟ್ಟು ಅದನ್ನೇ ಬರೆದುಬಿಡಬಹುದು.

ಸ್ಟೋರಿಗ್ರಾಫ್ ಸುಮ್ನೆ ಸ್ಟಾರ್ ಕೇಳುವುದಿಲ್ಲ. ಕತೆಯ ಮೂಡ್ ಎಂಥದ್ದು? ಓಟ ನಿಧಾನವೋ ಚುರುಕೋ? ಕತೆ ನಡೆಸುವುದು ಘಟನೆಗಳೋ ಪಾತ್ರಗಳೋ? ಇವಕ್ಕೆ ಉತ್ತರ ಕೊಡುತ್ತಾ ಹೋದರೆ ಅರ್ಧ ವಿಮರ್ಶೆ ತಾನಾಗಿ ಸಿದ್ಧವಾಗುತ್ತದೆ, ಅಲ್ವಾ? ಮೂರೂವರೆ ಕಡಿಮೆ, ನಾಲ್ಕು ಜಾಸ್ತಿ ಅನಿಸಿದರೆ 3.75 ಕೊಡಬಹುದು. ಆತ್ಮಹತ್ಯೆ, ಹಿಂಸೆಯಂಥ ವಿಷಯ ಇದ್ದರೆ ಓದುಗರು ಎಚ್ಚರಿಕೆ ಗುರುತು ಹಾಕಬಹುದು, ಅದೂ ಎಷ್ಟು ತೀವ್ರ ಅಂತ ಮೂರು ಹಂತದಲ್ಲಿ. ಈ ವಯಸ್ಸಿನವರ ಕಾದಂಬರಿಗಳಲ್ಲಿ ಇಂಥವು ಬರುತ್ತಲೇ ಇರುತ್ತವೆ. ನನಗಂತೂ ಇದು ದೊಡ್ಡ ಅನುಕೂಲ.

ಕನ್ನಡವನ್ನೇ ಹೆಚ್ಚು ಓದುವವರಿಗೆ ಗುಡ್‌ರೀಡ್ಸ್ ಸಾಕು. ಈಗಷ್ಟೇ ವಿಮರ್ಶೆ ಬರೆಯಲು ಶುರು ಮಾಡುವವರಿಗೆ ಸ್ಟೋರಿಗ್ರಾಫ್ ಅನ್ನೇ ಹೇಳುತ್ತೇನೆ. ಗುಡ್‌ರೀಡ್ಸ್‌ನಲ್ಲಿರುವ ಹಳೇ ಪಟ್ಟಿಯನ್ನೂ ಇಲ್ಲಿಗೆ ತಂದುಕೊಳ್ಳಬಹುದು.