‘ಆಕ್ಚುವರಿ ಕೆಲಸ ಗ್ಯಾರಂಟಿ’ ಅಂದರು, ಕೈಗೆ ಕೊಟ್ಟಿದ್ದು ಏಜೆಂಟ್ ಪುಸ್ತಕ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಮ್ಯಾಥ್ಸ್, ಸ್ಟ್ಯಾಟಿಸ್ಟಿಕ್ಸ್ ತಗೊಂಡು ಬಿಎಸ್ಸಿ ಮುಗಿಸಿದವರು ಮನೆಯಲ್ಲಿದ್ದರೆ ಇದನ್ನು ಅವರಿಗೆ ಓದಿಸಿ. ಹೆಸರು ಹಾಕುವುದಿಲ್ಲ, ಜಗಳ ಇನ್ನೂ ಮುಗಿದಿಲ್ಲ.

ಶಿವಮೊಗ್ಗದ ಒಂದು ಕೋಚಿಂಗ್ ಸೆಂಟರಿನವರು ಆರು ತಿಂಗಳಲ್ಲಿ ಆಕ್ಚುವರಿ (ವಿಮಾ ಕಂಪನಿಯ ಲೆಕ್ಕ ಹಾಕುವ ತಜ್ಞರು) ಮಾಡುತ್ತೇವೆ, ಕೆಲಸವನ್ನೂ ನಾವೇ ಕೊಡಿಸುತ್ತೇವೆ ಅಂದರು. ಫೀಸು 45 ಸಾವಿರ. “ಬೆಂಗಳೂರಿಗೆ ಹೋಗಿ ಪಿಜಿ ಬಾಡಿಗೆ ಕಟ್ಟೋದು ಯಾಕಮ್ಮಾ, ಇಲ್ಲೇ ಆಗತ್ತೆ” ಅಂದಿದ್ದು ಅಪ್ಪಯ್ಯನಿಗೆ ಹಿಡಿಸಿತು. ಅಡಿಕೆ ಮಂಡಿಯಲ್ಲಿ ಮುಂಗಡ ತಂದು ಕಟ್ಟಿದರು. ‘ವೆರಿಫಿಕೇಶನ್’ ಅಂತ ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡುಗಳನ್ನೂ ಇಟ್ಟುಕೊಂಡರು.

ಕೊಟ್ಟಿದ್ದು ಸ್ಪೈರಲ್ ಬೈಂಡ್ ಮಾಡಿದ ಜೆರಾಕ್ಸ್ ಪುಸ್ತಕ. ರಟ್ಟಿನ ಮೇಲೆ ‘ಆಕ್ಚುವರಿಯಲ್ ಫೌಂಡೇಶನ್’ ಅಂತ ಹೊಸದಾಗಿ ಪ್ರಿಂಟ್ ಹಾಕಿದ್ದರು. ಒಳಗೆ ನಾಮಿನಿ ಅಂದರೇನು, ಪ್ರಪೋಸಲ್ ಫಾರ್ಮ್ ತುಂಬುವುದು ಹೇಗೆ, ಗ್ರಾಹಕರ ಹತ್ತಿರ ಹೇಗೆ ಮಾತಾಡಬೇಕು, ಇವೇ ಪಾಠಗಳು. ಕೆಲವು ಪುಟಗಳ ತುದಿಯಲ್ಲಿ ‘ಐಸಿ-38’ ಅಂತ ಅರ್ಧಂಬರ್ಧ ಕಾಣುತ್ತಿತ್ತು, ಜೆರಾಕ್ಸ್ ಮಾಡುವಾಗ ಮುಚ್ಚಲು ಮರೆತಿದ್ದರು. “ಸಾರ್, ಇದರಲ್ಲಿ ಪ್ರಾಬಬಿಲಿಟಿ ಎಲ್ಲಿದೆ?” ಅಂತ ಕೇಳಿದರೆ, “ಅದೆಲ್ಲ ಲೆವೆಲ್ ಟೂನಲ್ಲಿ ಬರತ್ತೆ ಕಣಮ್ಮಾ.”

ಐಸಿ-38 ಅನ್ನೋದು ವಿಮಾ ಏಜೆಂಟ್ ಆಗುವವರ ಪರೀಕ್ಷೆ. ಆ ಕೆಲಸ ಕೀಳು ಅಂತ ಅಲ್ಲ, ನಮ್ಮೂರಲ್ಲಿ ಎಷ್ಟೋ ಮನೆ ಅದರಲ್ಲೇ ನಡೆದಿದೆ. ಆದರೆ ಏಜೆಂಟ್ ಪಾಲಿಸಿ ಮಾರುವವರು. ಆ ಪಾಲಿಸಿಗೆ ಪ್ರೀಮಿಯಂ ಎಷ್ಟಿರಬೇಕು, ಮುಂದೆ ಬರುವ ಕ್ಲೇಮಿಗೆ ಕಂಪನಿ ಈಗಲೇ ಎಷ್ಟು ದುಡ್ಡು ತೆಗೆದಿಡಬೇಕು ಅಂತ ಲೆಕ್ಕ ಹಾಕುವವರು ಆಕ್ಚುವರಿ. ಎರಡಕ್ಕೂ ಸಂಬಂಧವೇ ಇಲ್ಲ ಅನ್ನಬಹುದು.

ಕೊನೆಗೆ ‘ಆಫರ್ ಲೆಟರ್’ ಬಂತು. ಹುದ್ದೆ ‘ಅಡ್ವೈಸರ್’. ಸಂಬಳ ಇರಬೇಕಾದ ಜಾಗದಲ್ಲಿ ಕಮಿಷನ್. ಮೊದಲ ಕೆಲಸ ಏನು ಗೊತ್ತಾ? ನೆಂಟರಿಷ್ಟರ ಫೋನ್ ನಂಬರ್ ಪಟ್ಟಿ ಮಾಡಿ ತರುವುದು. ಬೇಡ ಅಂದಿದ್ದಕ್ಕೆ ಮಾರ್ಕ್ಸ್ ಕಾರ್ಡ್ ಕೊಡಲು ಸತಾಯಿಸಿದರು. ದೊಡ್ಡಪ್ಪ ಬಂದು ದನಿ ಎತ್ತರಿಸಿದ ಮೇಲೆ ಕೊಟ್ಟರು.

ನಿಜವಾದ ದಾರಿ ಬೇರೆ. ನಮ್ಮ ದೇಶದಲ್ಲಿ ಆಕ್ಚುವರಿ ಪರೀಕ್ಷೆಗಳನ್ನು ನಡೆಸುವುದು ಇನ್‌ಸ್ಟಿಟ್ಯೂಟ್ ಆಫ್ ಆಕ್ಚುವರೀಸ್ ಆಫ್ ಇಂಡಿಯಾ, 2006ರ ಆಕ್ಚುವರೀಸ್ ಕಾಯ್ದೆಯಡಿ ಬರುವ ಸಂಸ್ಥೆ. ಮೊದಲು ಎಸಿಇಟಿ ಎಂಬ ಪ್ರವೇಶ ಪರೀಕ್ಷೆ. ಪಿಯುಸಿ ಆದವರೂ ಬರೆಯಬಹುದು. ಅದು ಪಾಸಾದರೆ ಸ್ಟೂಡೆಂಟ್ ಮೆಂಬರ್ ಆಗಬಹುದು ಅಷ್ಟೇ. ಆಮೇಲೆ ಸಿಎಸ್1 (ಸ್ಟ್ಯಾಟಿಸ್ಟಿಕ್ಸ್), ಸಿಎಂ1 (ಮ್ಯಾಥ್ಸ್) ಹೀಗೆ ಒಂದೊಂದೇ ಪೇಪರ್, ಎಲ್ಲ ಮುಗಿಯಲು ವರ್ಷಗಳೇ ಬೇಕು. ಸಮಾಧಾನ ಅಂದರೆ ಎಲ್ಲ ಮುಗಿಯುವ ತನಕ ಕಾಯಬೇಕಿಲ್ಲ. ಕೆಲವು ಪೇಪರ್ ಆದವರನ್ನೂ ಕಂಪನಿಗಳು ಟ್ರೈನಿ, ಅನಲಿಸ್ಟ್ ಅಂತ ತಗೊಳ್ಳುತ್ತವೆ, ಓದು ಕೆಲಸದ ಜೊತೆಗೇ ನಡೆಯುತ್ತದೆ. ಇಂಟರ್‌ವ್ಯೂನಲ್ಲಿ ಎಕ್ಸೆಲ್ ಕೇಳುತ್ತಾರೆ. ‘ಆರ್’ ಪ್ರೋಗ್ರಾಮಿಂಗ್ ಸಿಎಸ್1 ಪರೀಕ್ಷೆಯಲ್ಲೇ ಇದೆ, ಅದನ್ನು ಮನೆಯಲ್ಲೇ ಪುಕ್ಕಟೆ ಕಲಿಯಬಹುದು. ಈ ಕೆಲಸಗಳು ಜಾಸ್ತಿ ಇರುವುದು ಬೆಂಗಳೂರು, ಮುಂಬೈ, ಗುರುಗ್ರಾಮದ ಕಡೆ. ಓದನ್ನು ಊರಲ್ಲೇ ಕೂತು ಮಾಡಬಹುದು, ಕೆಲಸಕ್ಕೆ ರೈಲು ಹತ್ತಲೇಬೇಕು.

ಹಾಗಾಗಿ ಕೋಚಿಂಗ್ ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಯಾವ ಪೇಪರಿಗೆ ಪಾಠ ಮಾಡುತ್ತೀರಿ? ಎಸಿಇಟಿ, ಸಿಎಸ್, ಸಿಎಂ ಅಂತ ಬಾಯಿಬಿಡದೆ ‘ನಮ್ಮದೇ ಸರ್ಟಿಫಿಕೇಟ್’ ಅಂದರೆ ಎದ್ದು ಬನ್ನಿ. ಒರಿಜಿನಲ್ ದಾಖಲೆ ಮಾತ್ರ ಯಾರ ಕೈಗೂ ಬಿಟ್ಟು ಬರಬೇಡಿ.

ದುಡ್ಡು ಇನ್ನೂ ವಾಪಸ್ ಬಂದಿಲ್ಲ. ನನ್ನ ರಸೀದಿಯಲ್ಲಿ ಬರೀ ‘ಸ್ಟಡಿ ಮೆಟೀರಿಯಲ್’ ಅಂತ ಬರೆದಿದ್ದಾರೆ, ಕೆಲಸದ ಮಾತೇ ಇಲ್ಲ. 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ. ಇದೇ ತರ ದುಡ್ಡು ಕಟ್ಟಿದವರ ಹತ್ತಿರ ‘ಪ್ಲೇಸ್‌ಮೆಂಟ್’ ಅಂತ ಬರೆದ ರಸೀದಿ, ವಾಟ್ಸಾಪ್ ಮೆಸೇಜ್ ಏನಾದರೂ ಇದ್ದರೆ ಅಳಿಸಬೇಡಿ, ನನಗೆ ತಿಳಿಸಿ. ಗ್ರಾಹಕರ ಆಯೋಗಕ್ಕೆ ಒಟ್ಟಿಗೆ ಹೋಗೋಣ.