ಫ್ರಿಜ್ಜಿನ ಬೆನ್ನಿಗೆ ಎರಡು ಫ್ಯಾನ್: ಒಂದು ಬೇಸಿಗೆ ಬಳಸಿದ ಮೇಲೆ

ಟ್ರೇಲರಿನ ಫ್ರಿಜ್ಜಿನ ಹಿಂಭಾಗಕ್ಕೆ ಹಾಕುವ ಈ ಫ್ಯಾನ್ ಕಿಟ್ ಹೇಗಿದೆ ಅಂತ ಹೇಳುವ ಮೊದಲು ಒಡೆದ ಹಾಲಿನ ವಿಷಯ ಹೇಳಿಬಿಡುತ್ತೇನೆ.

ಏಪ್ರಿಲ್‌ನಲ್ಲಿ ಹಾಸನದಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೊರಟಿದ್ದೆವು. ನಾನು, ನಮ್ಮ ಯಜಮಾನರು, ಅತ್ತೆ. ಬೊಲೆರೋ ಹಿಂದೆ ಮಲಗಿ, ಅಡುಗೆ ಮಾಡಿಕೊಳ್ಳಬಹುದಾದ ನಮ್ಮ ಟ್ರೇಲರ್. ಸಕಲೇಶಪುರದಲ್ಲಿ ನಿಲ್ಲಿಸಿ ಮಜ್ಜಿಗೆ ಕುಡಿದಾಗ ಎಲ್ಲ ತಣ್ಣಗೇ ಇತ್ತು. ಆ ಊರು 900 ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ, ಅಲ್ಲಿ ಯಾವ ಫ್ರಿಜ್ಜಾದರೂ ಮರ್ಯಾದೆ ಉಳಿಸಿಕೊಳ್ಳುತ್ತದೆ. ಶಿರಾಡಿ ಘಾಟಿ ಇಳಿದು ಗುಂಡ್ಯ ಮುಟ್ಟುವಾಗ ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು. ಮಾರನೇ ದಿನ ಬೆಳಿಗ್ಗೆ ಕಾಫಿಗೆ ಹಾಲಿಟ್ಟರೆ ಪಾತ್ರೆಯಲ್ಲೇ ಒಡೆದು ನೀರೇ ಬೇರೆ, ಗಡ್ಡೆಯೇ ಬೇರೆ ಆಯಿತು. ಹಾಲು ಹೋದರೆ ಹೋಗಲಿ, ಇನ್ನೊಂದು ಪ್ಯಾಕೆಟ್ ತರಬಹುದು. ಅದೇ ಫ್ರಿಜ್ಜಿನಲ್ಲಿ ಅತ್ತೆಯ ಇನ್ಸುಲಿನ್ ಇತ್ತು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಒಳಗಿರಬೇಕು. ಥರ್ಮಾಮೀಟರ್ ಇಟ್ಟು ನೋಡಿದೆ. ಹೊರಗೆ 35, ಫ್ರಿಜ್ಜಿನೊಳಗೆ 13.

ಅವತ್ತು ಐಸ್ ತಂದು ಫ್ಲಾಸ್ಕಿಗೆ ಹಾಕಿ, ಇನ್ಸುಲಿನ್ನಿಗೆ ಐಸ್ ತಾಗದಂತೆ ಬಟ್ಟೆ ಸುತ್ತಿಟ್ಟು ಹೇಗೋ ಸುಧಾರಿಸಿದೆವು. ದರ್ಶನಕ್ಕೆ ನಿಂತಾಗಲೂ ನನ್ನ ತಲೆಯಲ್ಲಿ ಆ 13 ಓಡುತ್ತಿತ್ತು.

ನಾನು ಸಂತೆಪೇಟೆಯಲ್ಲಿ 26 ವರ್ಷದಿಂದ ಹೊಲಿಗೆ ಅಂಗಡಿ ಇಟ್ಟಿದ್ದೇನೆ. ಯಜಮಾನರು ಡ್ರೈವರ್ ಆಗಿದ್ದವರು, ರಿಟೈರ್ ಆದ ಮೇಲೆ ಸುಮ್ನೆ ಕೂರಲಾರದೆ ಈ ಸೆಕೆಂಡ್ ಹ್ಯಾಂಡ್ ಟ್ರೇಲರ್ ತಂದರು. ಎರಡು ಮಂಚ, ಒಂದು ಒಲೆ, ಒಂದು ಪುಟ್ಟ ಫ್ರಿಜ್. ಸ್ಟೇರಿಂಗ್ ಅವರದು, ಸ್ಕ್ರೂಡ್ರೈವರ್ ನನ್ನದು. ಹಾಗಾಗಿ ಫ್ರಿಜ್ಜಿನ ತಲೆನೋವು ನನಗೇ ಬಂತು.

ಊರಿಗೆ ಬಂದವಳೇ ಒಬ್ಬ ಮೆಕ್ಯಾನಿಕ್ ಕರೆಸಿದೆ. ಅವರು ಬಾಗಿಲು ತೆಗೆದು ಕೈ ಇಟ್ಟು ನೋಡಿ, "ಗ್ಯಾಸ್ ಖಾಲಿಯಾಗಿದೆ ಮೇಡಂ, ಕಂಪ್ರೆಸರೂ ವೀಕಾಗಿದೆ, ಐದು ಸಾವಿರ ಆಗುತ್ತೆ" ಅಂದರು. ಅಕ್ಕನ ಮಗ ಅಲ್ಲೇ ಇದ್ದ. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಲ್ಲಿ (ಎಂಸಿಇ) ಮೆಕ್ಯಾನಿಕಲ್ ಓದುತ್ತಿದ್ದಾನೆ. ಅವರು ಹೋದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಚಿಕ್ಕಮ್ಮ, ಈ ಫ್ರಿಜ್ಜಿನಲ್ಲಿ ಕಂಪ್ರೆಸರೇ ಇಲ್ಲ!"

ನಿಜಕ್ಕೂ ಇಲ್ಲ. ಇದು ಮನೆಯ ಫ್ರಿಜ್ಜಿನ ಜಾತಿಯಲ್ಲ. ಹೋಟೆಲ್ ರೂಮುಗಳಲ್ಲಿ ಸದ್ದಿಲ್ಲದೆ ಕೂತಿರುತ್ತದಲ್ಲ, ಆ ಸಣ್ಣ ಫ್ರಿಜ್, ಹೆಚ್ಚಾಗಿ ಅದೇ ಜಾತಿ. ಅಬ್ಸಾರ್ಪ್ಷನ್ ಫ್ರಿಜ್ ಅನ್ನುತ್ತಾರೆ. ಕೆಳಗೆ ಬಿಸಿ ಮಾಡಿದರೆ ಮೇಲೆ ತಣ್ಣಗಾಗುತ್ತದೆ. ಬಿಸಿಗೆ ಕರೆಂಟ್ ಹೀಟರ್ ಆದರೂ ಸರಿ, ಗ್ಯಾಸಿನ ಸಣ್ಣ ಉರಿಯಾದರೂ ಸರಿ. ಬಿಸಿಗೆ ಅಮೋನಿಯಾ ಆವಿಯಾಗಿ ನೀರಿನಿಂದ ಬೇರೆಯಾಗಿ ಮೇಲೇರುತ್ತದೆ. ಹಿಂಭಾಗದ ಮೇಲ್ತುದಿಯಲ್ಲಿ ಪೈಪಿಗೆ ತೆಳು ತಗಡಿನ ಫಿನ್ನುಗಳಿವೆ. ಅಲ್ಲಿ ತನ್ನ ಬಿಸಿಯನ್ನು ಗಾಳಿಗೆ ಕೊಟ್ಟು ದ್ರವವಾಗುತ್ತದೆ. ಆಮೇಲೆ ಫ್ರಿಜ್ಜಿನ ಒಳಗಿನ ಪೈಪಿಗೆ ಇಳಿದು, ಅಲ್ಲಿರುವ ಹೈಡ್ರೋಜನ್ ಜೊತೆ ಸೇರಿ ಮತ್ತೆ ಆವಿಯಾಗುತ್ತದೆ. ಹಾಗೆ ಆವಿಯಾಗುವಾಗ ನಮ್ಮ ಹಾಲು, ಮೊಸರು, ಇನ್ಸುಲಿನ್ನಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಕೊನೆಗೆ ನೀರು ಅದನ್ನು ಹೀರಿಕೊಂಡು ವಾಪಸ್ ಕೆಳಗೆ ತರುತ್ತದೆ. ಮೋಟರಿಲ್ಲ, ಬೆಲ್ಟಿಲ್ಲ. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಪ್ಲಾಟೆನ್ ಮತ್ತು ಮುಂಟರ್ಸ್, ಇದನ್ನು ಕಂಡುಹಿಡಿದರಂತೆ. ಸ್ವೀಡನ್ನಿನ ಚಳಿಯಲ್ಲಿ ಕೂತವರಿಗೆ ಕುಕ್ಕೆಯ ಏಪ್ರಿಲ್ ಎಲ್ಲಿ ನೆನಪಾಗಬೇಕು?

ಆ ಫಿನ್ನುಗಳಿಂದ ಬಿಸಿ ಹೊರಗೆ ಹೋಗದಿದ್ದರೆ ಒಳಗೆ ತಂಪಾಗುವುದೇ ಇಲ್ಲ. ಟ್ರೇಲರಿನ ಗೋಡೆಯಲ್ಲಿ ಕೆಳಗೊಂದು, ಮೇಲೊಂದು ಜಾಲರಿ ಕಿಂಡಿ ಇರುತ್ತದೆ. ಕೆಳಗಿನಿಂದ ತಣ್ಣನೆ ಗಾಳಿ ಬಂದು, ಬಿಸಿಯಾಗಿ, ಮೇಲಿನಿಂದ ಹೋಗಬೇಕು. ಹಂಡೆ ಒಲೆಯ ಹೊಗೆ ಹೊಗೆಗೂಡಿನಲ್ಲಿ ಏರುವ ಹಾಗೆ. ಹೊರಗಿನ ಗಾಳಿಯೇ ಕಾದಿದ್ದರೆ, ಗಾಳಿ ಅಲ್ಲಾಡದೆ ನಿಂತಿದ್ದರೆ, ಆ ಎಳೆತ ಮಂದವಾಗುತ್ತದೆ. ಅದಕ್ಕೇ ಹಿಂದೆ ಫ್ಯಾನ್.

ಈಗ ಕಿಟ್ ವಿಷಯ. ಆನ್‌ಲೈನಲ್ಲಿ ತರಿಸಿದೆ, 1,450 ರೂಪಾಯಿ. 12 ವೋಲ್ಟಿನ, 120 ಮಿಲಿಮೀಟರಿನ ಎರಡು ಫ್ಯಾನ್. ಕಂಪ್ಯೂಟರ್ ಡಬ್ಬದೊಳಗೆ ತಿರುಗುವ ಅದೇ ಕಪ್ಪು ಫ್ಯಾನ್, ಬೇರೇನೂ ಅಲ್ಲ. ಜೊತೆಗೆ ಬಿಸಿಯಾದಾಗ ತಾನೇ ಆನ್ ಆಗುವ ಥರ್ಮೋಸ್ಟ್ಯಾಟ್ ಸ್ವಿಚ್, ಒಂದು ಫ್ಯೂಸ್, ವೈರ್, ನಾಲ್ಕು ಕ್ಲಿಪ್. ಫ್ರಿಜ್ಜಿನ ಒಳಗೆ ಇಡುವ ಬ್ಯಾಟರಿ ಸೆಲ್ಲಿನ ಪುಟಾಣಿ ಫ್ಯಾನ್ ಬೇರೆ ತಗೊಂಡೆ, 480 ರೂಪಾಯಿ. ಮೊದಲ ಆಕ್ಷೇಪ ಇಲ್ಲೇ. ವೈರ್ ಒಂದು ಮೀಟರ್ ಕೂಡ ಇಲ್ಲ. ಬ್ಯಾಟರಿ ಇರುವುದು ಟ್ರೇಲರಿನ ಆ ಮೂಲೆಯಲ್ಲಿ, ಫ್ರಿಜ್ ಈ ಮೂಲೆಯಲ್ಲಿ. ಬಸ್ ಸ್ಟ್ಯಾಂಡ್ ಹತ್ತಿರದ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ಆರು ಮೀಟರ್ ವೈರ್ ತಂದೆ. ಅಂಗಡಿಯವರು ಕೇಳದೆಯೇ ಕನೆಕ್ಟರ್ ಕೂರಿಸಿಕೊಟ್ಟರು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಪುಣ್ಯಾತ್ಮರು.

ಹೊರಗಿನ ಜಾಲರಿ ಬಿಚ್ಚಿದಾಗ ಮೊದಲು ಕಂಡದ್ದು ಕುಂಬಾರ ಹುಳುವಿನ ಗೂಡು. ಕೆಳಗಿನ ಕಿಂಡಿಯ ಕಾಲು ಭಾಗ ಮಣ್ಣಿನಿಂದ ಮುಚ್ಚಿತ್ತು. ಫಿನ್ನುಗಳ ಮಧ್ಯೆ ಒಂದು ವರ್ಷದ ಧೂಳು, ಜೇಡರ ಬಲೆ. ಹಳೇ ಹಲ್ಲುಜ್ಜುವ ಬ್ರಷ್ ತಗೊಂಡು ಒಂದು ಗಂಟೆ ಕೂತು ಕ್ಲೀನ್ ಮಾಡಿದೆ. ಫ್ಯಾನ್ ಬೇಕೋ ಬೇಡವೋ, ನಿಮ್ಮ ಹತ್ತಿರ ಇಂಥ ಫ್ರಿಜ್ ಇದ್ದರೆ ಇವತ್ತೇ ಜಾಲರಿ ಬಿಚ್ಚಿ ನೋಡಿ.

ಫಿನ್ನುಗಳ ಮೇಲೆ, ಮೇಲಿನ ಕಿಂಡಿಯ ಕಡೆಗೆ ಮುಖ ಮಾಡಿ ಎರಡು ಫ್ಯಾನ್ ಕೂರಿಸಿದೆ. ಅಲ್ಯೂಮಿನಿಯಂ ಪಟ್ಟಿಗೆ ತೂತು ಹೊಡೆದು ಸ್ಕ್ರೂ ಹಾಕಿದೆ. ಉರಿಯ ಪೈಪು, ಅದರ ಹೊಗೆ ಕೊಳವೆಯಿಂದ ವೈರನ್ನು ದೂರ ಕಟ್ಟಿದೆ, ಅಲ್ಲಿ ಪ್ಲಾಸ್ಟಿಕ್ ಕರಗಿಹೋಗುತ್ತದೆ. ಕೆಳಗಡೆ ಬರ್ನರ್ ಹತ್ತಿರ ಫ್ಯಾನ್ ಇಡಲೇಬೇಡಿ. ಗಾಳಿಗೆ ಉರಿ ಆರಿಹೋಗಬಹುದು.

ಎಲ್ಲ ಮುಗಿಸಿ ಕರೆಂಟಿನಲ್ಲಿ ಒಂದು ರಾತ್ರಿ ಓಡಿಸಿದೆ. ಏನೂ ಸುಖವಿಲ್ಲ. ಮಾರನೇ ದಿನ ಅಕ್ಕನ ಮಗ ಒಂದು ಊದುಬತ್ತಿ ಕೇಳಿದ. ಗ್ಯಾಸ್ ಸಿಲಿಂಡರ್ ಪೂರ್ತಿ ಬಂದ್ ಮಾಡಿ, ಊದುಬತ್ತಿ ಹಚ್ಚಿ ಮೇಲಿನ ಕಿಂಡಿಯ ಮುಂದೆ ಹಿಡಿದ. ಎಡಗಡೆ ಹೊಗೆ ಹೊರಗೆ ಹಾರಿತು. ಬಲಗಡೆ ಸುಯ್ಯನೆ ಒಳಗೆ ಹೋಯಿತು. "ಚಿಕ್ಕಮ್ಮ, ಒಂದು ಉಗುಳ್ತಾ ಇದೆ, ಇನ್ನೊಂದು ನುಂಗ್ತಾ ಇದೆ" ಅಂದ. ಒಂದನ್ನು ತಿರುಗಾಮುರುಗಾ ಹಾಕಿಬಿಟ್ಟಿದ್ದೆ! ಫ್ಯಾನಿನ ಅಂಚಿನಲ್ಲಿ ಗಾಳಿ ಹೋಗುವ ದಿಕ್ಕಿಗೆ ಸಣ್ಣ ಬಾಣದ ಗುರುತು ಇರುತ್ತದೆ, ಕಪ್ಪಿನ ಮೇಲೆ ಕಪ್ಪು, ನನ್ನ ಕನ್ನಡಕಕ್ಕೆ ಕಾಣಲಿಲ್ಲ. ಕಿಟ್ ಜೊತೆ ಬಂದ ಚೀಟಿಯಲ್ಲಿ ಇದರ ಬಗ್ಗೆ ಒಂದು ಗೆರೆಯೂ ಇಲ್ಲ.

ಥರ್ಮೋಸ್ಟ್ಯಾಟ್ ಸ್ವಿಚ್ಚೂ ಹಾಗೇ. ಚೀಟಿಯಲ್ಲಿ ಹೇಳಿದ ಹಾಗೆ ಗೋಡೆಗೆ ಅಂಟಿಸಿದರೆ ಫ್ಯಾನ್ ಆನ್ ಆಗುವುದೇ ಇಲ್ಲ. ಗೋಡೆ ಅಷ್ಟು ಬಿಸಿಯಾಗುವುದಿಲ್ಲವಲ್ಲ. ಕಿತ್ತು ತಂದು ಫಿನ್ನಿಗೇ ತಾಗಿಸಿ ಕ್ಲಿಪ್ ಹಾಕಿದೆ. ಈಗ 40 ಡಿಗ್ರಿ ಆಸುಪಾಸಿನಲ್ಲಿ ಆನ್ ಆಗುತ್ತದೆ, ರಾತ್ರಿ ತಂಪಾದರೆ ತಾನೇ ಸುಮ್ಮನಾಗುತ್ತದೆ.

ಮೇ ತಿಂಗಳಲ್ಲಿ ಮತ್ತೆ ಕುಕ್ಕೆಗೆ ಹೋದೆವು. ಅತ್ತೆಗೆ ಹರಕೆ, ನನಗೆ ಪರೀಕ್ಷೆ. ಅದೇ ಜಾಗ, ಅದೇ ತೆಂಗಿನ ಮರದ ಪಕ್ಕ. ಹೊರಗೆ 36. ಫ್ರಿಜ್ಜಿನ ನಡು ತಟ್ಟೆಯಲ್ಲಿ ಒಂದು ಲೋಟ ನೀರಿಟ್ಟು ಅದರಲ್ಲಿ ಥರ್ಮಾಮೀಟರ್ ಮುಳುಗಿಸಿದ್ದೆ. ಬಾಗಿಲು ತೆಗೆದ ತಕ್ಷಣ ಗಾಳಿಯ ಲೆಕ್ಕ ಏರಿಬಿಡುತ್ತದೆ, ಲೋಟದ ನೀರು ಹಾಗೆ ಮೋಸ ಮಾಡುವುದಿಲ್ಲ. ಎಂಟೂವರೆ ತೋರಿಸಿತು. 13 ಎಲ್ಲಿ, ಎಂಟೂವರೆ ಎಲ್ಲಿ! ಆದರೂ ಇನ್ಸುಲಿನ್ನಿಗೆ ಇನ್ನೂ ಅರ್ಧ ಡಿಗ್ರಿ ಸಾಲದು. ಈ ಸಲ ಐಸ್ ಫ್ಲಾಸ್ಕನ್ನು ಮೊದಲೇ ರೆಡಿ ಇಟ್ಟುಕೊಂಡಿದ್ದೆ.

ಉಳಿದ ಅರ್ಧ ಡಿಗ್ರಿ ಇಳಿಸಿದ್ದು ಕಿಟ್ ಅಲ್ಲ, ಎಣ್ಣೆ ಡಬ್ಬದ ತಗಡು. ನಮ್ಮ ಟ್ರೇಲರಿನಲ್ಲಿ ಫ್ರಿಜ್ಜಿನ ಬೆನ್ನಿಗೂ ಹೊರಗೋಡೆಗೂ ನಡುವೆ ಮೂರು ಬೆರಳು ಜಾಗ ಖಾಲಿ ಇತ್ತು. ಗಾಳಿ ಜಾಣ, ಫಿನ್ನಿನ ಸಂದಿಯಲ್ಲಿ ನುಗ್ಗುವ ಕಷ್ಟ ಯಾಕೆ ಅಂತ ಪಕ್ಕದ ಖಾಲಿ ಜಾಗದಲ್ಲಿ ಸೀದಾ ಮೇಲೆ ಹೋಗಿಬಿಡುತ್ತಿತ್ತು. ಅಲ್ಲಿಗೆ ಅಡ್ಡ ತಗಡು ಇಳಿಜಾರಾಗಿ ಕೊಟ್ಟರೆ ಗಾಳಿ ಫಿನ್ನಿನ ಮೂಲಕವೇ ಹೋಗಬೇಕು. ಊರಿಗೆ ಬಂದು ಐದು ಲೀಟರಿನ ಎಣ್ಣೆ ಡಬ್ಬ ಕತ್ತರಿಸಿದೆ. ರವಿಕೆಗೆ ಕತ್ತರಿಸುವ ಹಾಗೆ ಮೊದಲು ಪೇಪರಿನಲ್ಲಿ ಅಳತೆ ಮಾಡಿ, ಅಂಚು ಮಡಚಿ, ಸ್ಕ್ರೂ ಹಾಕಿದೆ. ಮೇ ಕೊನೆಯ ವಾರ ಧರ್ಮಸ್ಥಳದ ಕಡೆ ಹೋದಾಗ ಹೊರಗೆ 35 ಇದ್ದರೂ ಲೋಟ 6 ತೋರಿಸಿತು. ದುಡ್ಡಿಲ್ಲದ ತಗಡು, 1,450ರ ಕಿಟ್ಟಿಗಿಂತ ತುಂಬ ಹಿಂದೆ ಬೀಳಲಿಲ್ಲ. ಈ ತಗಡಿನ ಕೆಲಸ ಟ್ರೇಲರ್ ಕಟ್ಟಿದವರೇ ಮಾಡಬೇಕಿತ್ತು, ಬಿಡಿ.

ಒಳಗಿಡುವ ಪುಟಾಣಿ ಫ್ಯಾನ್ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. ಅದು ತಂಪು ಹುಟ್ಟಿಸುವುದಿಲ್ಲ, ಇರುವ ತಂಪನ್ನು ಹಂಚುತ್ತದೆ. ಮೊದಲು ಮೇಲಿನ ತಟ್ಟೆಗೂ ಕೆಳಗಿನದಕ್ಕೂ 4 ಡಿಗ್ರಿ ವ್ಯತ್ಯಾಸ ಇತ್ತು, ಈಗ ಒಂದೂವರೆ. ಆದರೆ ಸೆಲ್ ತಿನ್ನುತ್ತದೆ. ಇನ್ಸುಲಿನ್ ಇಡುವವರು ಇದೊಂದು ನೋಡಿಕೊಳ್ಳಿ: ಒಳಗಿನ ತಣ್ಣನೆ ಫಿನ್ನಿಗೆ ತಾಗಿಸಿ ಇಡಬೇಡಿ. ಅಲ್ಲಿ ಹೆಪ್ಪುಗಟ್ಟಿದರೆ ಔಷಧಿ ಕೆಟ್ಟ ಹಾಗೇ. ನಾನು ಬನಿಯನ್ ಬಟ್ಟೆಯ ಚೀಲ ಹೊಲಿದು, ಬಾಗಿಲ ಕಡೆಯ ಡಬ್ಬಿಯಲ್ಲಿಟ್ಟಿದ್ದೇನೆ.

ಬ್ಯಾಟರಿ ಬಗ್ಗೆ ಹೆದರಬೇಡಿ. ಒಂದೊಂದು ಫ್ಯಾನ್ ಎಳೆಯುವುದು 0.15 ಆಂಪಿಯರ್. ಎರಡೂ ಇಡೀ ದಿನ ತಿರುಗಿದರೂ 7 ಆಂಪಿಯರ್ ಅವರ್ ಚಿಲ್ಲರೆ. ನಮ್ಮ ಫ್ರಿಜ್ಜಿನ ಹೀಟರೇ 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತದೆ, ಅದನ್ನು ಗಾಡಿ ಓಡುವಾಗ ಮಾತ್ರ ಹಾಕುತ್ತೇವೆ. ಗ್ಯಾಸ್ ಹಚ್ಚುವುದು ಗಾಡಿ ನಿಂತ ಮೇಲೇ.

ಇನ್ನು ಸದ್ದು. ಮೊದಲ ತಿಂಗಳು ಇದೆಯೋ ಇಲ್ಲವೋ ಅನ್ನುವಷ್ಟು ಮೆತ್ತಗಿತ್ತು. ಐದನೇ ವಾರಕ್ಕೆ ಬಲಗಡೆಯದು ಗೊರ್ ಅನ್ನಲು ಶುರು ಮಾಡಿತು. ರಾತ್ರಿ ಅತ್ತೆ ಎದ್ದು ಕೂತು, "ಏನಮ್ಮಾ, ಅಲ್ಲಿ ಕಪ್ಪೆ ಸೇರಿಕೊಂಡಿದೆಯಾ?" ಅಂದರು. ಮಷಿನ್ ಬಳಸುವವಳಿಗೆ ಆ ಸದ್ದು ಗೊತ್ತು. ಎಣ್ಣೆ ಆರಿದೆ. ಫ್ಯಾನಿನ ನಡುವಿನ ಸ್ಟಿಕ್ಕರ್ ಉಗುರಿನಲ್ಲಿ ಎಬ್ಬಿಸಿ, ಹೊಲಿಗೆ ಮಷಿನ್ನಿನ ಎಣ್ಣೆ ಒಂದೇ ಒಂದು ತೊಟ್ಟು ಬಿಟ್ಟೆ. ಬೆರಳಲ್ಲಿ ಹತ್ತು ಸಲ ತಿರುಗಿಸಿ ಸ್ಟಿಕ್ಕರ್ ಮತ್ತೆ ಅಂಟಿಸಿದೆ. ಸುಮ್ಮನಾಯಿತು. ಆದರೆ ಇದು ಬುಷ್ ಹಾಕಿದ ಅಗ್ಗದ ಫ್ಯಾನ್, ಹೆಚ್ಚು ದಿನ ಬಾಳುವುದಿಲ್ಲ. ಬಾಲ್ ಬೇರಿಂಗ್ ಇರುವುದು ತಗೊಳ್ಳಿ. ಅದೇ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಒಂದಕ್ಕೆ 420 ಅಂದರು. ಎರಡು ಫ್ಯಾನ್, ಒಂದು ಸ್ವಿಚ್, ಫ್ಯೂಸ್, ವೈರ್ ಬಿಡಿಬಿಡಿಯಾಗಿ ಕೊಂಡರೆ ಸುಮಾರು 1,200ಕ್ಕೆ ಮುಗಿಯುತ್ತದೆ. ಇನ್ನೊಮ್ಮೆ ಕೊಳ್ಳುವುದಾದರೆ ನಾನು ಕಿಟ್ ತರಿಸುವುದಿಲ್ಲ. ಕಿಟ್ಟಿಗೆ ಐದಕ್ಕೆ ಮೂರು ಅಂಕ, ಉಪಾಯಕ್ಕೆ ಐದಕ್ಕೆ ಐದು.

ಫ್ಯಾನ್ ಹಾಕಿದ ಮೇಲೂ ಕೆಲವು ಹಳೇ ಕೆಲಸ ತಪ್ಪುವುದಿಲ್ಲ. ಹಿಂದಿನ ಸಂಜೆಯೇ ಫ್ರಿಜ್ ಆನ್ ಮಾಡಬೇಕು, ಈ ಜಾತಿ ನಿಧಾನ. ಬಿಸಿ ಸಾರು ತಂದು ತುರುಕಬಾರದು. ಫ್ರಿಜ್ ಇರುವ ಪಕ್ಕಕ್ಕೆ ಪಡುವಣ ಬಿಸಿಲು ಬೀಳದಂತೆ ಗಾಡಿ ನಿಲ್ಲಿಸಬೇಕು. ಮುಖ್ಯವಾಗಿ ಟ್ರೇಲರ್ ಸಮವಾಗಿ ನಿಂತಿರಬೇಕು. ಒಳಗೆ ದ್ರವ ತಾನೇ ಇಳಿದು ಬರುವ ವ್ಯವಸ್ಥೆ, ವಾಲಿದರೆ ಅಲ್ಲಲ್ಲೇ ನಿಂತುಬಿಡುತ್ತದೆ, ಕೆಳಗೆ ಬಿಸಿ ಮಾಡುವ ಬಾಯ್ಲರ್ ಸುಡುತ್ತಲೇ ಇರುತ್ತದೆ. ಯಜಮಾನರು "ಇಷ್ಟು ಸಾಕು ಬಿಡು" ಅನ್ನುತ್ತಾರೆ. ನಾನು ಗಾರೆಯವರ ರಸಮಟ್ಟ ತಂದು ಫ್ರಿಜ್ಜಿನ ತಳದಲ್ಲಿಟ್ಟು, ಗುಳ್ಳೆ ನಡುವಿಗೆ ಬರುವ ತನಕ ಚಕ್ರದ ಕೆಳಗೆ ಹಲಗೆ ಕೊಡಿಸುತ್ತೇನೆ.

ಈಗ ಮಳೆ ಹಿಡಿದಿದೆ. ಟ್ರೇಲರ್ ಹಿತ್ತಲಲ್ಲಿ ಟಾರ್ಪಾಲಿನ ಕೆಳಗಿದೆ. ನಿನ್ನೆ ನೋಡಿದರೆ ಕುಂಬಾರ ಹುಳು ಮತ್ತೆ ಕೆಳಗಿನ ಕಿಂಡಿಯ ಸುತ್ತ ಸುಳಿಯುತ್ತಿತ್ತು. ತೆಳು ಸ್ಟೀಲ್ ಜಾಲರಿ ತಂದಿದ್ದೇನೆ, ಗಾಳಿಗೆ ಅಡ್ಡಿಯಾಗದಷ್ಟು ದೊಡ್ಡ ಕಣ್ಣಿನದು. ಸ್ಕೂಲ್ ಯೂನಿಫಾರ್ಮಿನ ಕೆಲಸ ಮುಗಿದ ಮೇಲೆ ಅದಕ್ಕೆ ಅಂಚು ಕಟ್ಟಬೇಕು.