ಸ್ಕಿಪ್ ಕೌಂಟಿಂಗಾ, ಮಗ್ಗಿಯಾ? ಟ್ಯೂಷನ್ ಮಕ್ಕಳಿಗೆ ಎರಡನ್ನೂ ಮಾಡಿಸಿ ನೋಡಿದ್ದು

ಹನುಮಂತನಗರದ ನಮ್ಮ ಮನೆಗೆ ಸಂಜೆ ಟ್ಯೂಷನ್‌ಗೆ ಬರುವವರು ಹೆಚ್ಚಾಗಿ ಎರಡರಿಂದ ನಾಲ್ಕನೇ ಕ್ಲಾಸಿನವರು. ಸ್ಟೇಟ್ ಸಿಲಬಸ್ ಇರಲಿ, ಸಿಬಿಎಸ್‌ಇ ಇರಲಿ, ಏಳೆಂಟ್ಲ ಎಲ್ಲರಿಗೂ ಐವತ್ತಾರೇ. ಜಗಳ ಇರುವುದು ಕಲಿಸುವ ರೀತಿಯಲ್ಲಿ. "ದೀಪ ಹಚ್ಚಿದ ಮೇಲೆ ಇಪ್ಪತ್ತರವರೆಗೂ ಹೇಳಿಸಿಬಿಡಿ ಮೇಡಂ, ನಾವೆಲ್ಲ ಹಾಗೇ ಕಲಿತಿದ್ದು" ಅನ್ನುವುದು ಮಕ್ಕಳನ್ನು ಬಿಡಲು ಬರುವ ತಾತಂದಿರು. ಅದೇ ಮಗುವಿನ ಅಮ್ಮ ರಾತ್ರಿ ಫೋನ್ ಮಾಡಿ, ಬಾಯಿಪಾಠ ಬೇಡ, ಸ್ಕಿಪ್ ಕೌಂಟಿಂಗ್‌ನಲ್ಲೇ (ಮೂರು, ಆರು, ಒಂಬತ್ತು ಎಂದು ಜಿಗಿದು ಜಿಗಿದು ಎಣಿಸುವುದು) ಹೇಳಿಕೊಡಿ ಅನ್ನುತ್ತಾರೆ. ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಐದರವರೆಗೆ ಸ್ಕಿಪ್ ಕೌಂಟಿಂಗ್, ಆರರಿಂದ ಮೇಲೆ ಮಗ್ಗಿ.

ಎರಡೆರಡು, ಐದೈದು, ಹತ್ತು ಹತ್ತಾಗಿ ಎಣಿಸಲು ಮಕ್ಕಳಿಗೆ ಕಲಿಸಬೇಕಾದ್ದೇ ಕಡಿಮೆ. ಐದು ರೂಪಾಯಿ ನಾಣ್ಯಗಳನ್ನು ಸಾಲಾಗಿ ಇಟ್ಟರೆ ಆಯಿತು. ಗೋಡೆ ಗಡಿಯಾರವೂ ಐದೈದರಲ್ಲೇ ಓಡುತ್ತದೆ. ಮೂರು, ನಾಲ್ಕಕ್ಕೆ ಬಂದಾಗ ಮಣಿಸರ ಬೇಕು. ಚಿಕ್ಕಪೇಟೆಯಲ್ಲಿ ದಪ್ಪ ಮಣಿ ತಂದು, ಹತ್ತು ಕೆಂಪು, ಹತ್ತು ಬಿಳಿ ಹೀಗೆ ನೂರು ಮಣಿ ಪೋಣಿಸಿಟ್ಟಿದ್ದೇನೆ. ನಾಲ್ಕು ಮಣಿಗೊಂದು ಬಟ್ಟೆ ಕ್ಲಿಪ್ ಹಾಕುತ್ತಾ ಹೋದರೆ ಐದನೇ ಕ್ಲಿಪ್ ಇಪ್ಪತ್ತನೇ ಮಣಿಗೆ ಬೀಳುತ್ತದೆ. ಕ್ಲಿಪ್ ತೆಗೆದು ಐದೈದಕ್ಕೆ ಹಾಕಿಸಿದರೆ ನಾಲ್ಕನೆಯದೂ ಅಲ್ಲೇ. ಐದ್ನಾಲ್ಕ್ಲ, ನಾಲ್ಕೈದ್ಲ ಎರಡೂ ಒಂದೇ ಎಂದು ನಾನು ಹೇಳಬೇಕಾಗಿಲ್ಲ, ಮಕ್ಕಳೇ ಕೂಗಿಕೊಳ್ಳುತ್ತಾರೆ. ಕಾರ್ತಿಕದ ಕೊನೆ ಸೋಮವಾರ ಬಸವನಗುಡಿಯಲ್ಲಿ ಪರಿಷೆ ಮುಗಿದ ಮೇಲೆ ಮಣಿ ಬಿಟ್ಟು ಕಡಲೆಕಾಯಿಯಲ್ಲಿ ಗುಂಪು ಮಾಡಿಸುತ್ತೇನೆ. ಎಣಿಸಿದ್ದು ತಿನ್ನಲು ಸಿಗುವುದರಿಂದ ಆ ವಾರ ಹಾಜರಿ ಪೂರ್ತಿ.

ಬರೀ ಮಗ್ಗಿ ಕಲಿತ ಮಕ್ಕಳಿಗೆ ಈ ಅಂದಾಜು ಇರುವುದಿಲ್ಲ. ಹನ್ನೆರಡರವರೆಗೆ ಗಿಳಿಯ ಹಾಗೆ ಒಪ್ಪಿಸುವ ಹುಡುಗನೊಬ್ಬನನ್ನು, ಸ್ಟ್ಯಾಂಡಿನಲ್ಲಿ ಆರು ಆಟೋ ನಿಂತಿದ್ದರೆ ಎಷ್ಟು ಚಕ್ರ ಎಂದು ಕೇಳಿದೆ. "ಆಟೋ ಮಗ್ಗಿ ನಮಗೆ ಹೇಳ್ಕೊಟ್ಟಿಲ್ಲ ಮಿಸ್" ಅಂದ.

ಹಾಗಾದರೆ ಕೊನೆಯವರೆಗೂ ಸ್ಕಿಪ್ ಕೌಂಟಿಂಗ್‌ನಲ್ಲೇ ಹೋಗಬಹುದಲ್ಲ? ಏಳಕ್ಕೆ ಬಂದಾಗ ಬಂಡವಾಳ ಗೊತ್ತಾಗುತ್ತದೆ. ಏಳು ಇಂಟು ಎಂಟು ಕೇಳಿದರೆ ಮಗು ಬೆರಳು ಮಡಚಿಕೊಂಡು ಸೆವೆನ್, ಫೋರ್ಟೀನ್, ಟ್ವೆಂಟಿ ಒನ್ ಎಂದು ಹೊರಡುತ್ತದೆ. ನಲವತ್ತು ದಾಟುವಷ್ಟರಲ್ಲಿ "ಎಷ್ಟನೇದು ಅಂತ ಮರ್ತೋಯ್ತು ಮಿಸ್". ಒಂದೇ ಹೊತ್ತಿಗೆ ಎರಡು ಲೆಕ್ಕ ಇಟ್ಟುಕೊಳ್ಳಬೇಕು: ಎಲ್ಲಿಗೆ ಬಂದೆ, ಎಷ್ಟು ಸಲ ಜಿಗಿದೆ. ಅದಕ್ಕಿಂತ ಕೆಟ್ಟದ್ದೆಂದರೆ ತಪ್ಪು ಮುಂದಕ್ಕೆ ಹರಿಯುವುದು. ಇಪ್ಪತ್ತೆಂಟರ ಬದಲು ಇಪ್ಪತ್ತೊಂಬತ್ತು ಅಂದರೆ ಅಲ್ಲಿಂದಾಚೆ ಎಲ್ಲವೂ ಒಂದೊಂದು ಹೆಚ್ಚು. ಮಗ್ಗಿಯಲ್ಲಿ ಒಂದು ಸಾಲು ತಪ್ಪಿದರೆ ಆ ಸಾಲು ಮಾತ್ರ ತಪ್ಪು.

ಇಂಗ್ಲೆಂಡಿನಲ್ಲಿ ಎಂಟು-ಒಂಬತ್ತು ವರ್ಷದ ಮಕ್ಕಳಿಗೆ ಸರ್ಕಾರವೇ ಮಗ್ಗಿ ಪರೀಕ್ಷೆ ಮಾಡುತ್ತದೆ. 12 ಇಂಟು 12ರವರೆಗೆ 25 ಪ್ರಶ್ನೆ, ಒಂದೊಂದಕ್ಕೆ 6 ಸೆಕೆಂಡು. ಆ ಅಳತೆಯನ್ನೇ ಇಟ್ಟುಕೊಂಡು ಮೊಬೈಲಿನಲ್ಲಿ ಟೈಮರ್ ಹಾಕಿ ನೋಡಿದೆ. ನಾಲ್ಕರವರೆಗೆ ಎಣಿಸುವವರೂ ಹೇಗೋ ಮುಟ್ಟುತ್ತಾರೆ. ಏಳು, ಎಂಟರಲ್ಲಿ ಬಾಯಿಪಾಠದವರು ಮಾತ್ರ.

ಅಂದ ಮಾತ್ರಕ್ಕೆ ತಾತಂದಿರ ಪದ್ಧತಿ ಹಾಗ್ಹಾಗೇ ಸರಿ ಅನ್ನಲಾರೆ. ಮೇಲಿಂದ ಕೆಳಗೆ ರಾಗವಾಗಿ ಹೇಳುವ ಮಗುವನ್ನು ಥಟ್ಟನೆ ಆರೇಳ್ಲ ಎಷ್ಟು ಎಂದು ಕೇಳಿ. ಮತ್ತೆ ಆರೊಂದ್ಲ ಆರು ಎಂದೇ ಶುರು. ಅದೂ ಸ್ಕಿಪ್ ಕೌಂಟಿಂಗೇ, ರಾಗ ಸೇರಿದೆ ಅಷ್ಟೇ. ಆದ್ದರಿಂದ ರಾಗದಲ್ಲಿ ಒಮ್ಮೆ ಹೇಳಿಸಿ, ಆಮೇಲೆ ಅಡ್ಡಾದಿಡ್ಡಿ ಕೇಳುತ್ತೇನೆ. ಶಾಲೆಯಲ್ಲಿ ಸೆವೆನ್ ಏಟ್ಸ್, ಮನೆಯಲ್ಲಿ ಏಳೆಂಟ್ಲ ಎಂದು ಎರಡು ಭಾಷೆ ಬೆರೆಸಿದವರು ಎರಡರಲ್ಲೂ ತಡವರಿಸುತ್ತಾರೆ. ಯಾವುದಾದರೂ ಒಂದೇ ಇರಲಿ ಎಂದು ಪೋಷಕರಿಗೆ ಹೇಳುತ್ತೇನೆ. ನನ್ನನ್ನು ಕೇಳಿದರೆ ಕನ್ನಡದ್ದು. ಚಿಕ್ಕದು, ನಾಲಿಗೆ ಮೇಲೆ ಓಡುತ್ತದೆ.

ಹಾಡಿನ ವಿಡಿಯೋ, ಆ್ಯಪ್‌ಗಳ ಬಗ್ಗೆ ಹೇಳುವಂಥದ್ದೇನಿಲ್ಲ. ಹಾಡು ನೆನಪಿರುತ್ತದೆ, ಮಗ್ಗಿ ಇರುವುದಿಲ್ಲ.

ರಂಗೋಲಿಯ ವಿಷಯ ಬೇರೆ. ವೃತ್ತದ ಮೇಲೆ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಚುಕ್ಕಿ ಇಟ್ಟು, ಮಗ್ಗಿಯ ಬಿಡಿ ಸ್ಥಾನದ ಅಂಕಿಗಳನ್ನಷ್ಟೇ ಗೆರೆಯಿಂದ ಸೇರಿಸುತ್ತಾ ಹೋಗಬೇಕು. ನಾಲ್ಕರಲ್ಲಿ 4, 8, 2, 6, 0: ಐದು ಮೂಲೆಯ ನಕ್ಷತ್ರ. ಆರರಲ್ಲೂ ಅದೇ ನಕ್ಷತ್ರ, ಹಿಂದುಮುಂದಾಗಿ. ಮೂರಕ್ಕೂ ಏಳಕ್ಕೂ ಹತ್ತು ಮೂಲೆಯದು ಬರುತ್ತದೆ. ಇದರಿಂದ ವೇಗವೇನೂ ಬರುವುದಿಲ್ಲ, ಟೆಸ್ಟಿನಲ್ಲಿ ಮಾರ್ಕ್ಸೂ ಏರುವುದಿಲ್ಲ. ಆದರೂ ನಾನು ಬಿಡುವವಳಲ್ಲ.

ಒಟ್ಟು ಹೊರೆ ಎಷ್ಟೆಂದು ಲೆಕ್ಕ ಹಾಕಿದರೆ ತಾತ, ಅಮ್ಮ ಇಬ್ಬರೂ ಸಮಾಧಾನವಾಗುತ್ತಾರೆ. ಹತ್ತರವರೆಗಿನ ಮಗ್ಗಿಯಲ್ಲಿ ನೂರು ಸಾಲು. ತಿರುಗಿಸಿದರೆ ಒಂದೇ ಆಗುವವನ್ನು ಬಿಟ್ಟರೆ 55. ಒಂದು, ಎರಡು, ಐದು, ಹತ್ತನ್ನು ತೆಗೆದರೆ 21. ಮೂರು, ನಾಲ್ಕು ಮಣಿಸರದಲ್ಲೇ ಮುಗಿದಿರುತ್ತವೆ. ಒಂಬತ್ತಕ್ಕೆ ಹತ್ತರಿಂದ ಗುಣಿಸಿ ಒಂದು ಪಾಲು ಕಳೆದರೆ ಸಾಕು: ಎಪ್ಪತ್ತರಲ್ಲಿ ಏಳು ಹೋದರೆ ಅರವತ್ಮೂರು. ಉಳಿಯುವುದು ಆರೇ ಆರು ಸಾಲು: ಆರಾರ್ಲ, ಆರೇಳ್ಲ, ಆರೆಂಟ್ಲ, ಏಳೇಳ್ಲ, ಏಳೆಂಟ್ಲ, ಎಂಟೆಂಟ್ಲ. ನಾನು ಹಟ ಹಿಡಿದು ಬಾಯಿಪಾಠ ಮಾಡಿಸುವುದು ಇವನ್ನು. ಅದರಲ್ಲೂ ಏಳೆಂಟ್ಲ ಕೈಕೊಟ್ಟರೆ ಐದೇಳ್ಲ ಮೂವತ್ತೈದಕ್ಕೆ ಮೂರೇಳ್ಲ ಇಪ್ಪತ್ತೊಂದು ಕೂಡಿಸಲು ಹೇಳುತ್ತೇನೆ. ಹನ್ನೊಂದರಿಂದ ಇಪ್ಪತ್ತರವರೆಗಿನದೂ ಹೀಗೇ ಒಡೆದು ಮಾಡಬಹುದು. ಹದಿನಾಲ್ಕಾರ್ಲ ಅಂದರೆ ಅರವತ್ತು, ಇಪ್ಪತ್ನಾಲ್ಕು, ಎಂಬತ್ನಾಲ್ಕು. ಇದಕ್ಕೆ ಮಾತ್ರ ತಾತಂದಿರು ಇನ್ನೂ ಒಪ್ಪಿಲ್ಲ.